ಏಳು ಚುಕ್ಕಿಯ ಮೂರು ರಂಗೋಲಿ

ಪ್ರಶ್ನೆ: ಹೊಳಲ್ಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6 ಮತ್ತು 7ನೇ ತರಗತಿಗೆ ಗಣಿತ ಹೇಳುತ್ತೇನೆ. ‘ಚಿತ್ರ ವಿನ್ಯಾಸಗಳಿಂದ ಮಕ್ಕಳಲ್ಲಿ ಗಣಿತದ ಯೋಚನೆ ಬೆಳೆಸಿ’ ಎಂದು ತರಬೇತಿಯಲ್ಲಿ ಹೇಳಿದರು. ಬೆಂಕಿಕಡ್ಡಿಯಲ್ಲಿ ಒಂದು ಚೌಕ, ಅದಕ್ಕೆ ಅಂಟಿಕೊಂಡಂತೆ ಎರಡು, ಮೂರು ಚೌಕ ಮಾಡಿ ತೋರಿಸಿದೆ. ಮಕ್ಕಳು 4, 7, 10 ಎಂದು ಕೋಷ್ಟಕ ತುಂಬಿ ‘ಮೂರ್ ಮೂರು ಜಾಸ್ತಿ ಆಗ್ತಾವೆ ಸಾರ್’ ಅಂದರು. ಕೂಡಿಸುತ್ತಾ ಹೋಗಿ ಹತ್ತನೆಯದಕ್ಕೆ 31 ಎಂದೂ ಹೇಳಿದರು. ನೂರನೆಯದು ಕೇಳಿದಾಗ ಅರ್ಧ ತರಗತಿ ಸುಮ್ಮನಾಯಿತು, ಇನ್ನರ್ಧ 310 ಅಂದಿತು. ಕೊನೆಗೆ ಸೂತ್ರ ನಾನೇ ಬರೆದುಕೊಟ್ಟೆ. ಹಾಗಾದರೆ ಚಿತ್ರ ತೋರಿಸಿ ಏನು ಬಂತು? ಪಾಠ ಮುಗಿಸುವ ಒತ್ತಡದಲ್ಲಿ ಇದಕ್ಕೆ ಪೀರಿಯಡ್ ಕೊಡುವುದು ಸರಿಯೇ?

ಉತ್ತರ: ಮೇಷ್ಟ್ರೇ, ನಿಮ್ಮ ಪಾಠ ಕೆಟ್ಟಿದ್ದು ಕೋಷ್ಟಕ ಬರೆಸಿದ ಗಳಿಗೆಯಲ್ಲಿ. ಅಲ್ಲಿಯವರೆಗೂ ಮಕ್ಕಳು ಕಡ್ಡಿಗಳನ್ನು ನೋಡುತ್ತಿದ್ದರು. 4, 7, 10 ಎಂದು ಬರೆದ ಮೇಲೆ ಕಣ್ಣು ಅಂಕಿಗೆ ಹೋಯಿತು, ಚಿತ್ರದ ಕೆಲಸ ಅಲ್ಲಿಗೆ ಮುಗಿಯಿತು. ‘ಮೂರು ಮೂರು ಜಾಸ್ತಿ’ ಎನ್ನುವುದು ಅಂಕಿಗಳಿಂದ ಅಂಕಿಗಳಿಗೆ ಹತ್ತುವ ಏಣಿ. ಏಣಿಯ ನೂರನೇ ಮೆಟ್ಟಿಲಿಗೆ ಹೋಗಬೇಕಾದರೆ ತೊಂಬತ್ತೊಂಬತ್ತು ಮೆಟ್ಟಿಲು ಹತ್ತಲೇಬೇಕು. ಮಕ್ಕಳು ಸುಮ್ಮನಾದದ್ದು ದಡ್ಡರಾಗಿ ಅಲ್ಲ, ದೂರ ಅಂದಾಜಾಗಿ.

ಇದನ್ನು ನಾನು ಎತ್ತರದಲ್ಲಿ ನಿಂತು ಹೇಳುತ್ತಿಲ್ಲ. ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ಎಷ್ಟೋ ವರ್ಷ ಇದೇ ಕೋಷ್ಟಕವನ್ನು ಗೆರೆ ಕೊರೆದು, ಎರಡು ಬಣ್ಣದ ಸೀಮೆಸುಣ್ಣದಲ್ಲಿ, ಬಹಳ ಅಂದವಾಗಿ ಬರೆದವಳು ನಾನು. ಒಂದು ದಿನ ಕರೆಂಟಿಲ್ಲದ ಮಳೆಗಾಲದ ಮಧ್ಯಾಹ್ನ, ಬೋರ್ಡ್ ಕಾಣುವಷ್ಟು ಬೆಳಕಿಲ್ಲದೆ ಬಾಯಲ್ಲೇ ಕೇಳಿದೆ: ‘ನೂರು ಚೌಕ ಮಾಡಬೇಕು ಅಂದ್ಕೊಳ್ಳಿ. ನೀವು ಕಡ್ಡಿ ಹೆಂಗೆ ಜೋಡಿಸ್ತೀರಿ?’ ಎಷ್ಟು ಅಂತ ಕೇಳಲಿಲ್ಲ, ಹೆಂಗೆ ಅಂತ ಕೇಳಿದೆ. ಆ ಪೀರಿಯಡ್ಡಿನಲ್ಲಿ ಬಂದ ಉತ್ತರಗಳು ನನ್ನ ಅದುವರೆಗಿನ ಕೋಷ್ಟಕಗಳಿಗೆಲ್ಲ ಮಂಗಳ ಹಾಡಿದವು.

ಒಬ್ಬಳು ಅಂದಳು, ‘ಮೊದ್ಲು ಒಂದು ಕಡ್ಡಿ ನಿಲ್ಲಿಸಿ ಇಡ್ತೀನಿ ಮಿಸ್, ಆಮೇಲೆ ಮೂರ್ ಮೂರು ಕಡ್ಡೀನ ಬಾಗ್ಲಿಲ್ಲದ ಗೋಡೆ ತರ ಹಚ್ಕೊಂಡು ಹೋಗ್ತೀನಿ.’ ಒಂದು, ಜೊತೆಗೆ ನೂರು ಸಲ ಮೂರು: 301. ಇನ್ನೊಬ್ಬ ರೈಲು ಹಳಿ ಹಾಕಿದ: ಮೇಲೆ ನೂರು ಉದ್ದಕ್ಕೆ, ಕೆಳಗೆ ನೂರು, ನಡುವೆ ನಿಂತ ಕಡ್ಡಿ ನೂರಾ ಒಂದು. ಅದೂ 301. ಮೂರನೆಯವನು ನೂರು ಚೌಕ ಬಿಡಿಬಿಡಿಯಾಗಿ ಮಾಡಿದ, 400 ಕಡ್ಡಿ. ಅಂಟಿಸುವಾಗ ಪ್ರತಿ ಸಂದಿನಲ್ಲೂ ಎರಡೆರಡು ಕಡ್ಡಿ ಬಂದವು. ಸಂದುಗಳು 99, ಒಂದೊಂದು ತೆಗೆದ. ಮತ್ತೆ 301. ಮೂವರು ಮೂರು ದಾರಿಯಲ್ಲಿ ಬಂದು ಒಂದೇ ಊರಿಗೆ ಸೇರಿದರು. ‘ಚಿತ್ರದ ಸಂಖ್ಯೆಯ ಮೂರರಷ್ಟು, ಮೇಲೊಂದು’ ಎನ್ನುವುದೂ ‘ನಾಲ್ಕರಷ್ಟು, ಅದರಲ್ಲಿ ಒಂದು ಕಡಿಮೆ ಸಂದು ಕಳೆ’ ಎನ್ನುವುದೂ ಹೇಗೆ ಒಂದೇ ಆಗುತ್ತವೆ ಎಂಬ ಪ್ರಶ್ನೆ ತಾನಾಗಿ ಎದ್ದಿತು. ಬೀಜಗಣಿತದಲ್ಲಿ ಆವರಣ ಬಿಡಿಸುವುದು, ಸಜಾತಿ ಪದ ಕೂಡಿಸುವುದು ಎಂದು ನಾವು ಕಲಿಸುವುದೆಲ್ಲ ಈ ಪ್ರಶ್ನೆಗೆ ಉತ್ತರ. ನಾವು ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಕಲಿಸಿಬಿಡುತ್ತೇವೆ.

ಈಗ ನಿಮ್ಮ 310. ಅದನ್ನು ಅಳಿಸಬೇಡಿ, ಅದರಲ್ಲಿ ಸರಕಿದೆ. ಹತ್ತು ಚೌಕದ ಪಟ್ಟಿಗೆ 31 ಕಡ್ಡಿ, ಅಂಥ ಹತ್ತು ಪಟ್ಟಿ ಸೇರಿದರೆ ನೂರು ಚೌಕ ಎಂದು ಆ ಮಕ್ಕಳು ಯೋಚಿಸಿದ್ದಾರೆ. ಯೋಚನೆ ಸೊಗಸಾಗಿದೆ. ಹತ್ತು ಚೌಕದ ಎರಡು ಪಟ್ಟಿಗಳನ್ನು ಅವರ ಕೈಯಲ್ಲೇ ಮಾಡಿಸಿ, ‘ಈಗ ಜೋಡಿಸ್ರಿ’ ಅನ್ನಿ. ಸೇರುವ ಜಾಗದಲ್ಲಿ ಒಂದರ ಮೇಲೊಂದು ಎರಡು ಕಡ್ಡಿ ಕೂರುತ್ತವೆ. ಒಬ್ಬರಾದರೂ ಒಂದನ್ನು ಎತ್ತಿ ಪಕ್ಕಕ್ಕಿಡುತ್ತಾರೆ. ಹತ್ತು ಪಟ್ಟಿ ಸೇರುವಾಗ ಇಂಥ ಜಾಗ ಒಂಬತ್ತು. 310ರಲ್ಲಿ 9 ಹೋದರೆ 301. ತಪ್ಪನ್ನು ಕಡ್ಡಿಯೇ ತಿದ್ದಿತು, ನೀವು ತಿದ್ದಲಿಲ್ಲ. ಕೋಷ್ಟಕದಲ್ಲಿ ಈ ತಿದ್ದುಪಡಿಗೆ ಜಾಗವೇ ಇಲ್ಲ. ಅಲ್ಲಿ 310 ಬರೀ ತಪ್ಪು, ಕೆಂಪು ಶಾಯಿಯ ಅಡ್ಡಗೆರೆ.

ಚಿತ್ರ ಸಿಕ್ಕ ಮೇಲೆ ಹಿಂದಕ್ಕೂ ಓಡಿಸಿ. ನಿಮ್ಮ ಹತ್ತಿರ ಸರಿಯಾಗಿ 100 ಕಡ್ಡಿ ಇದ್ದರೆ ಒಂದೂ ಉಳಿಯದಂತೆ ಎಷ್ಟು ಚೌಕ? ಮೊದಲ ಕಡ್ಡಿ ನಿಲ್ಲಿಸಿದರೆ 99 ಉಳಿಯಿತು, ಮೂರರಂತೆ 33. ಇದು ಸಮೀಕರಣ ಬಿಡಿಸುವ ಪಾಠವೇ, ಹೆಸರು ಮಾತ್ರ ಇನ್ನೂ ಇಟ್ಟಿಲ್ಲ. ‘ಸೊನ್ನೆಯನೇ ಚಿತ್ರ ಹೆಂಗಿರುತ್ತೆ?’ ಎಂದೂ ಒಮ್ಮೆ ಕೇಳಿ ನೋಡಿ. ಚೌಕವೇ ಇಲ್ಲ, ಆದರೂ ಒಂದು ಕಡ್ಡಿ ನಿಂತಿದೆ ಎಂದು ಹೇಳುವ ಮಗುವಿಗೆ ಆ ‘ಮೇಲೊಂದು’ ಎಲ್ಲಿಂದ ಬಂತೆಂದು ಜೀವನಪೂರ್ತಿ ನೆನಪಿರುತ್ತದೆ.

ಬೆಂಕಿಕಡ್ಡಿ ಸಾಕು. ನಿಜವಾದ ಐಶ್ವರ್ಯ ಮನೆ ಮುಂದೆ ಇದೆ.

ನಿಮಗೆ ರಂಗೋಲಿ ಹಾಕಲು ಬರುತ್ತದೋ ಇಲ್ಲವೋ ತಿಳಿಯದು. ಬಾರದಿದ್ದರೆ ಇನ್ನೂ ಒಳ್ಳೆಯದು, ಹುಡುಗಿಯರು ನಿಮಗೆ ಕಲಿಸಲಿ. ಗಣಿತದ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂರುವವಳು ಅವತ್ತು ಮೇಷ್ಟ್ರಾಗುತ್ತಾಳೆ. ಏಳು ಚುಕ್ಕಿ ಇಟ್ಟು ಮೂರು ಬಗೆಯ ರಂಗೋಲಿ ಹಾಕಿಸಿ. ಮೊದಲನೆಯದು ನೇರ ಚುಕ್ಕಿ, ಏಳರಿಂದ ಒಂದಕ್ಕೆ: ನಡುಸಾಲಿನಲ್ಲಿ ಏಳು, ಅದರ ಮೇಲೂ ಕೆಳಗೂ ಐದು, ಮೂರು, ಒಂದು. ಎರಡನೆಯದು ಸಂದು ಚುಕ್ಕಿ, ಏಳರಿಂದ ನಾಲ್ಕಕ್ಕೆ: ಎರಡು ಚುಕ್ಕಿಯ ಸಂದಿಗೊಂದು ಇಡುತ್ತಾ ಎರಡೂ ಕಡೆ ಆರು, ಐದು, ನಾಲ್ಕು. ಮೂರನೆಯದು ಅದೇ ಸಂದು ಚುಕ್ಕಿ, ಆದರೆ ಒಂದರವರೆಗೂ ಹೋಗುವುದು.

ಒಟ್ಟು ಎಷ್ಟೆಷ್ಟು ಚುಕ್ಕಿ? ಎಣಿಸದೆ ಹೇಳಬೇಕು ಅನ್ನಿ. ‘ಎಣಿಸದೆ’ ಎನ್ನುವ ಒಂದು ಮಾತಿನಲ್ಲೇ ಅವತ್ತಿನ ಪಾಠವೆಲ್ಲ ಇದೆ.

ಮೂರನೆಯದು ಬೇಗ ಬೀಳುತ್ತದೆ. ಯಾರೋ ಒಬ್ಬಳು ಕತ್ತು ವಾರೆ ಮಾಡಿ, ‘ಓರೆಯಾಗಿ ನೋಡಿದ್ರೆ ಏಳೇಳು ಸಾಲು ಐತೆ’ ಅನ್ನುತ್ತಾಳೆ. 49. ಒಂದರಿಂದ ಏಳಕ್ಕೆ ಹತ್ತಿ ಮತ್ತೆ ಒಂದಕ್ಕೆ ಇಳಿದರೆ ಏಳೇಳಲೆ ಯಾಕಾಗುತ್ತದೆ ಎಂಬುದಕ್ಕೆ ಇನ್ನು ಬೇರೆ ಸಾಧನೆ ಬೇಕಿಲ್ಲ, ಕತ್ತು ವಾರೆ ಮಾಡಿದ್ದೇ ಸಾಧನೆ.

ಮೊದಲನೆಯದನ್ನೂ ಓರೆಯಾಗಿಯೇ ನೋಡಬೇಕು. ನಾಲ್ಕು ನಾಲ್ಕರ ನಾಲ್ಕು ಓರೆಸಾಲು ಸಿಗುತ್ತವೆ, ಅವುಗಳ ಸಂದಿನಲ್ಲಿ ಮೂರು ಮೂರರ ಮೂರು ಸಾಲು. 16 ಮತ್ತು 9, ಒಟ್ಟು 25. ನಿಮ್ಮ ಕಡೆ ಅಡಿಕೆ ತೋಟದ ಮಕ್ಕಳು ಇದ್ದೇ ಇರುತ್ತಾರೆ, ಅವರಿಗೆ ಇದು ಗೊತ್ತಿರುವ ನೋಟ. ನಾಲ್ಕು ನಾಲ್ಕು ಅಡಿಕೆ ಗಿಡದ ಚೌಕ, ಪ್ರತಿ ನಾಲ್ಕು ಗಿಡದ ನಡುವೆ ಒಂದು ಬಾಳೆ: ಅಡಿಕೆ 16, ಬಾಳೆ 9. ರಂಗೋಲಿ ಹುಡುಗಿಯರ ಕೆಲಸ ಎಂದು ಮುಖ ತಿರುಗಿಸಿ ಕೂತ ಹುಡುಗರು ತೋಟದ ಮಾತು ಬಂದ ಕೂಡಲೇ ನೆಲಕ್ಕೆ ಕೂರುತ್ತಾರೆ.

ನಡುವಿನದು ಸ್ವಲ್ಪ ಸತಾಯಿಸುತ್ತದೆ. 4, 5, 6, 7, 6, 5, 4 ಕೂಡಿದರೆ 37 ಬರುತ್ತದೆ, ಆದರೆ ಕೂಡುವುದು ನಮ್ಮ ಒಪ್ಪಂದದಲ್ಲಿ ಇಲ್ಲ. ಇಲ್ಲಿ ಒಂದು ಸುಳಿವು ಕೊಡಿ: ನಟ್ಟನಡುವಿನ ಒಂದು ಚುಕ್ಕಿಯನ್ನು ಬಿಟ್ಟು, ಉಳಿದದ್ದನ್ನು ಸಮ ಪಾಲು ಮಾಡಿ, ಬಣ್ಣದ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಫ್ಯಾನಿನ ರೆಕ್ಕೆಯಂತೆ ಆರು ತ್ರಿಕೋನ ಬರುತ್ತವೆ, ಒಂದೊಂದರಲ್ಲೂ 3, 2, 1 ಎಂದು ಆರು ಚುಕ್ಕಿ. ಒಂದು, ಜೊತೆಗೆ ಆರು ಆರಲೆ. ಈಗ ಮೊದಲನೆಯ ರಂಗೋಲಿಗೂ ಇದೇ ಉಪಾಯ ಮಾಡಿಸಿ. ನಡುವಿನ ಚುಕ್ಕಿ ಬಿಟ್ಟರೆ ನಾಲ್ಕು ರೆಕ್ಕೆ, ಅದೇ ಆರು ಚುಕ್ಕಿಯ ತ್ರಿಕೋನ. ಮೂರನೆಯದಕ್ಕೆ ಎಂಟು ರೆಕ್ಕೆ. ಅಂದರೆ 25, 37, 49 ಮೂರೂ ಒಂದೇ ತ್ರಿಕೋನದ ನಾಲ್ಕು, ಆರು, ಎಂಟು ಪ್ರತಿ, ನಡುವೆ ಒಂದು ಚುಕ್ಕಿ. ಅವುಗಳ ನಡುವಿನ ವ್ಯತ್ಯಾಸ ಎರಡೂ ಸಲ 12 ಆಗಿದ್ದು ಆಕಸ್ಮಿಕವಲ್ಲ, ಪ್ರತಿ ಸಲ ಎರಡು ತ್ರಿಕೋನ ಹೆಚ್ಚಾಗಿವೆ. ಐದು ಚುಕ್ಕಿಯಿಂದ ಶುರು ಮಾಡಿದರೆ 13, 19, 25. ಒಂಬತ್ತರಿಂದಾದರೆ 41, 61, 81. ಮಕ್ಕಳು ಹಾಕಿ ನೋಡಲಿ. ನಡುವಿನ ರಂಗೋಲಿ ಐದು ಚುಕ್ಕಿಗೆ ಮೂರರಲ್ಲೂ ಒಂಬತ್ತು ಚುಕ್ಕಿಗೆ ಐದರಲ್ಲೂ ನಿಲ್ಲಬೇಕು, ಅದನ್ನೂ ಅವರೇ ಕಂಡುಕೊಳ್ಳಲಿ.

ಕಂಡವರಿಗೆ ಇನ್ನೊಂದು ತುತ್ತು. ನಡುವಿನ ಜಾತಿಯ ರಂಗೋಲಿಗಳನ್ನು ಚಿಕ್ಕದರಿಂದ ಕೂಡುತ್ತಾ ಹೋಗಿ: 1, 7, 19, 37. ಒಟ್ಟು 64, ಅಂದರೆ ನಾಲ್ಕರ ಘನ. ಸಣ್ಣ ಮರದ ಘನಗಳಿಂದ ನಾಲ್ಕು ಅಗಲ, ನಾಲ್ಕು ಉದ್ದ, ನಾಲ್ಕು ಎತ್ತರದ ದೊಡ್ಡ ಘನ ಕಟ್ಟಿ, ಒಂದು ಮೂಲೆಗೆ ಕಣ್ಣಿಟ್ಟು ನೋಡಿದರೆ ಕಾಣುವ ಸಣ್ಣ ಘನಗಳು ಸರಿಯಾಗಿ 37. ಅವನ್ನು ಸಿಪ್ಪೆ ತೆಗೆದಂತೆ ತೆಗೆದರೆ ಒಳಗೆ ಮೂರರ ಘನ, ಅದರ ಮೂಲೆಯಲ್ಲಿ 19. ರಂಗೋಲಿ ಎಂದರೆ ಘನದ ಸಿಪ್ಪೆ ಎಂದು ನನಗೆ ಹೊಳೆದದ್ದು ನಿವೃತ್ತಿಯ ಹತ್ತಿರ. ಅವ್ವ ಪ್ರತಿ ಬೆಳಿಗ್ಗೆ ಸಗಣಿ ಸಾರಿಸಿ ಅದನ್ನೇ ಹಾಕುತ್ತಿದ್ದಳು.

ಇಲ್ಲೊಂದು ಎಚ್ಚರಿಕೆ. 25 ಬಂದ ಕೂಡಲೇ ಯಾರಾದರೂ ‘ಐದೈದಲೆ! ಇದೂ ವರ್ಗ!’ ಎಂದು ಕೂಗುತ್ತಾರೆ. ಹೊಗಳಿ, ಆದರೆ 13ನ್ನೂ 41ನ್ನೂ ತೋರಿಸಿ. ವರ್ಗವಲ್ಲ. ಚಿತ್ರದಲ್ಲಿ ಕಾರಣ ಇಲ್ಲದ ಹೊಂದಾಣಿಕೆ ಮೋಸ ಮಾಡುತ್ತದೆ ಎಂದು ಮಕ್ಕಳಿಗೆ ತಿಳಿಯಲೇಬೇಕು. ಬಹಳಷ್ಟು ತರಬೇತಿಗಳಲ್ಲಿ ಈ ಭಾಗವನ್ನು ಬಿಟ್ಟುಬಿಡುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಪ್ಯಾಟರ್ನ್ ಕಂಡಿತು, ಪಾಠ ಮುಗಿಯಿತು ಎಂಬಂತೆ ನಡೆಯುತ್ತದೆ.

ಮೋಸ ಹೋಗುವ ಸುಖವನ್ನು ಕೊಡಲು ನನ್ನ ಹತ್ತಿರ ಒಂದು ಹಳೇ ಅಸ್ತ್ರ ಇದೆ. ಅಂಗಳದಲ್ಲಿ ದೊಡ್ಡ ವೃತ್ತ ಎಳೆಯಿರಿ. ಅಂಚಿನಲ್ಲಿ ಎರಡು ಬಿಂದು ಇಟ್ಟು ಸೇರಿಸಿದರೆ ವೃತ್ತ ಎರಡು ತುಂಡು. ಮೂರು ಬಿಂದು ಇಟ್ಟು ಒಂದಕ್ಕೊಂದು ಎಲ್ಲವನ್ನೂ ಸೇರಿಸಿದರೆ ನಾಲ್ಕು. ನಾಲ್ಕಕ್ಕೆ ಎಂಟು. ಐದಕ್ಕೆ ಹದಿನಾರು. ಆರಕ್ಕೆ? ಇಡೀ ತರಗತಿ 32 ಎಂದು ಕಿರುಚುತ್ತದೆ. ಎಳೆದು ಎಣಿಸಿದರೆ 31. ಎಷ್ಟು ಸಲ ಎಣಿಸಿದರೂ 31. ಕಡೆಗೆ ಮೇಷ್ಟ್ರು ಸುಣ್ಣದ ಗೆರೆ ಸರಿಯಾಗಿ ಎಳೆದಿಲ್ಲ ಎಂದು ನಿಮ್ಮ ಮೇಲೇ ಗುಮಾನಿ ಪಡುತ್ತಾರೆ. ಒಂದು ಸೂಕ್ಷ್ಮ ಮರೆಯಬೇಡಿ: ಆರು ಬಿಂದುಗಳನ್ನು ಸಮ ಅಂತರದಲ್ಲಿ ಇಟ್ಟರೆ ಮೂರು ಗೆರೆ ನಡುವೆ ಒಂದೇ ಕಡೆ ಹಾಯ್ದು ಒಂದು ತುಂಡು ಮುಚ್ಚಿಹೋಗುತ್ತದೆ, 30 ಬರುತ್ತದೆ. ಹಿಂದೆ ಮುಂದೆ ಇಡಿ. ಒಮ್ಮೆ ನಾನು ಅಚ್ಚುಕಟ್ಟಾಗಿ ಸಮ ಅಂತರದಲ್ಲಿ ಇಟ್ಟು, 31 ಬರದೆ, ತರಗತಿಯ ಮುಂದೆ ಬೆಪ್ಪಾಗಿ ನಿಂತಿದ್ದೆ.

ಈ 31ರ ಕಾರಣ 7ನೇ ತರಗತಿಗೆ ಭಾರ, ಬಿಡಿ. ‘ನಾಲ್ಕು ಸಲ ಸರಿ ಬಂದ ಮಾತ್ರಕ್ಕೆ ಐದನೇ ಸಲ ಬರಬೇಕಿಲ್ಲ’ ಎಂಬ ಗಾಯ ಆದರೆ ಸಾಕು. ಆಮೇಲೆ ಬೆಂಕಿಕಡ್ಡಿಗೆ ಹಿಂತಿರುಗಿ ಕೇಳಿ: ಅಲ್ಲಿ ನೂರನೆಯದು 301 ಎಂದು ಹೇಗೆ ಅಷ್ಟು ಖಾತ್ರಿ? ಅಲ್ಲಿ ನಾವು ಕಡ್ಡಿ ಜೋಡಿಸುವ ಬಗೆಯನ್ನೇ ನೋಡಿದ್ದೇವೆ, ಅಂಕಿಗಳ ಬಾಲ ಹಿಡಿದು ಹೋಗಿಲ್ಲ. ಈ ವ್ಯತ್ಯಾಸ ಒಬ್ಬ ಹುಡುಗ ತನ್ನ ಮಾತಿನಲ್ಲಿ ಹೇಳಿದರೂ ಆ ತಿಂಗಳ ಸಂಬಳ ನಿಮಗೆ ಸಂದಿತು ಎಂದುಕೊಳ್ಳಿ.

ಬೆಳೆಯುವ ವಿನ್ಯಾಸ ಬೇರೆ, ಮರುಕಳಿಸುವ ವಿನ್ಯಾಸ ಬೇರೆ. ಎರಡನೆಯದು ಸುಲಭ, ಹೆಚ್ಚು ಹೊತ್ತು ಬೇಡ. ಮೊಳಕಾಲ್ಮೂರು ಸೀರೆಯ ಅಂಚಿನಲ್ಲಿ ನವಿಲು, ಹೂವು, ಹೂವು ಎಂದು ಬರುತ್ತಾ ಹೋದರೆ ಐವತ್ತನೆಯದು ಯಾವುದು? ಮೂರರಿಂದ ಭಾಗಿಸಿ ಶೇಷ ಎರಡು, ಹೂವು. ಶೇಷಕ್ಕೂ ಬೆಲೆ ಇದೆ ಎಂದು ತಿಳಿಯಲು ಇಷ್ಟು ಸಾಕು.

ಕನ್ನಡ ಮೇಷ್ಟ್ರನ್ನೂ ಜೊತೆ ಮಾಡಿಕೊಳ್ಳಬಹುದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣ ಎಷ್ಟು ಬಗೆ? ಮೂರು. ನಾಲ್ಕು ಮಾತ್ರೆಗೆ ಐದು, ಐದಕ್ಕೆ ಎಂಟು. ಒಂದು ಚೌಕದ ತುಂಡು, ಎರಡು ಚೌಕದ ತುಂಡು ಕತ್ತರಿಸಿ ಪಟ್ಟಿ ತುಂಬಿಸಿದರೆ ಇದೇ ಚಿತ್ರವಾಗುತ್ತದೆ. ಕೊನೆಯ ತುಂಡು ಸಣ್ಣದಿದ್ದರೆ ಹಿಂದೆ ಒಂದು ಮಾತ್ರೆ ಕಡಿಮೆಯ ಪಟ್ಟಿ, ದೊಡ್ಡದಿದ್ದರೆ ಎರಡು ಕಡಿಮೆಯದು. ಹಾಗಾಗಿ ಎಂಟಕ್ಕೆ ಐದು ಸೇರಿ ಆರು ಮಾತ್ರೆಗೆ 13. ಇಟಲಿಯ ಫಿಬೊನಾಚಿ 1202ರಲ್ಲಿ ಮೊಲದ ಲೆಕ್ಕದಲ್ಲಿ ಬರೆದ ಸಂಖ್ಯೆಗಳು ಇವೇ. ಅವನಿಗಿಂತ ಮೊದಲೇ ವಿರಹಾಂಕ, 12ನೇ ಶತಮಾನದಲ್ಲಿ ಹೇಮಚಂದ್ರ, ಛಂದಸ್ಸಿನ ಲೆಕ್ಕ ಮಾಡುತ್ತಾ ಇವನ್ನು ಕಂಡಿದ್ದರು. ಪ್ರಸ್ತಾರ ಹಾಕುವುದನ್ನು ಶಿಕ್ಷೆ ಎಂದುಕೊಂಡ ಮಕ್ಕಳಿಗೆ ಇದು ಸ್ವಲ್ಪ ಸಮಾಧಾನ.

ಇನ್ನು ಪೀರಿಯಡ್ಡಿನ ಪ್ರಶ್ನೆ. ಮಗುವಿನ ಯೋಚನೆಯನ್ನು ಗಣಿತಮಯ ಮಾಡುವುದೇ ಶಾಲಾ ಗಣಿತದ ಮುಖ್ಯ ಗುರಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಕಾಲದಲ್ಲೇ ಬರೆದಾಗಿದೆ. ಎನ್‌ಸಿಇಆರ್‌ಟಿ 2024ರಲ್ಲಿ ತಂದ 6ನೇ ತರಗತಿಯ ಪುಸ್ತಕ ಶುರುವಾಗುವುದೇ ವಿನ್ಯಾಸಗಳಿಂದ. ಮೇಲಿನವರು ಕೇಳಿದರೆ ಹೇಳಲು ನಿಮಗೆ ಇಷ್ಟು ಬಲ ಉಂಟು. ಆದರೆ ನನ್ನ ಉತ್ತರ ಬೇರೆ. ನಾನು 10ನೇ ತರಗತಿಗೆ ಸಮಾಂತರ ಶ್ರೇಢಿ ಪಾಠ ಮಾಡುವಾಗ, ಸೂತ್ರದಲ್ಲಿ ‘ಒಂದು ಕಡಿಮೆ’ ಯಾಕೆ ಬರುತ್ತದೆ ಎಂದು ಕೇಳಿದರೆ ಪ್ರತಿ ವರ್ಷ ಮಕ್ಕಳು ಮಿಕಿಮಿಕಿ ನೋಡುತ್ತಿದ್ದರು. ಅದು ಸಂದುಗಳ ಲೆಕ್ಕ. ನೂರು ಚೌಕಕ್ಕೆ 99 ಸಂದು. ನಿಮ್ಮ ತರಗತಿಯಲ್ಲಿ ಕಡ್ಡಿ ಎತ್ತಿ ಪಕ್ಕಕ್ಕಿಟ್ಟ ಹುಡುಗನಿಗೆ ಆ ಪ್ರಶ್ನೆ ಬರುವುದೇ ಇಲ್ಲ. ನೀವು ಈಗ ಕೊಡುವ ಎರಡು ಪೀರಿಯಡ್ ಪ್ರೌಢಶಾಲೆಯ ಮೇಷ್ಟ್ರಿಗೆ ಎರಡು ವಾರ ಉಳಿಸುತ್ತದೆ. ಅವರು ನಿಮಗೆ ಥ್ಯಾಂಕ್ಸ್ ಹೇಳುವುದಿಲ್ಲ, ಅದೂ ಗೊತ್ತಿರಲಿ.

ದಿನಾ ಬೇಡ. ವಾರಕ್ಕೊಂದು ಸಲ ಹತ್ತು ನಿಮಿಷ, ತಿಂಗಳಿಗೊಮ್ಮೆ ಪೂರ್ತಿ ಪೀರಿಯಡ್. ಮೊದಲ ಐದು ನಿಮಿಷ ಪೆನ್ಸಿಲ್ ಮುಟ್ಟಿಸಬೇಡಿ, ಬರೀ ನೋಡಲಿ. ಯಾವಾಗಲೂ 1, 2, 3 ಎಂದು ಸಾಲಾಗಿ ತೋರಿಸಬೇಡಿ, ಕೆಲವು ಸಲ ಐದನೇ ಚಿತ್ರ ಮಾತ್ರ ತೋರಿಸಿ ‘ನಾಲ್ಕನೆಯದು ಹೆಂಗಿತ್ತು?’ ಅನ್ನಿ. ಕೂಡುತ್ತಾ ಹೋಗುವ ಏಣಿಯೇ ಆಗ ಇರುವುದಿಲ್ಲ. ಮೂರು ಜನರ ಮೂರು ನೋಟವನ್ನು ಮೂರು ಬಣ್ಣದಲ್ಲಿ ಬೋರ್ಡಿನ ಮೇಲೆ ಹಾಗೇ ಉಳಿಸಿ, ಯಾವುದು ‘ಸರಿಯಾದ’ ವಿಧಾನ ಎಂದು ಹೇಳಬೇಡಿ. ಅಕ್ಷರಗಳನ್ನು ಅವಸರದಲ್ಲಿ ತರಬೇಡಿ. ‘ಚಿತ್ರದ ಸಂಖ್ಯೆಯ ಮೂರರಷ್ಟು, ಮೇಲೊಂದು’ ಎಂದು ಬರೆದು ಬರೆದು ಕೈ ನೋವು ಬಂದು, ‘ಇದನ್ನ ಚಿಕ್ಕದಾಗಿ ಬರೀಬಹುದಾ ಸಾರ್?’ ಎಂದು ಅವರೇ ಕೇಳುವವರೆಗೆ ಕಾಯಿರಿ. ಕೇಳಿದ ದಿನ ‘ಎನ್’ ಎಂಬ ಅಕ್ಷರ ಉಡುಗೊರೆ ಕೊಡಿ.

ಸಾಮಾನಿನ ವಿಷಯ. ಬೆಂಕಿಕಡ್ಡಿಯಾದರೆ ಮದ್ದು ಕೆರೆದು ಕೊಡಿ, ತೊಗರಿ ಕಟ್ಟಿಗೆಯ ತುಂಡು ಇನ್ನೂ ವಾಸಿ. ಚುಕ್ಕಿಗೆ ಹುಣಸೆ ಬೀಜ ಕೊಡಿ. ಒಂದು ಸಲ ನಾನು ಚಳ್ಳಕೆರೆ ಕಡೆಯ ಒಳ್ಳೆ ಶೇಂಗಾ ಕಾಳು ಕೊಟ್ಟೆ. 49 ಚುಕ್ಕಿಯ ರಂಗೋಲಿ ಪೀರಿಯಡ್ ಮುಗಿಯುವ ಹೊತ್ತಿಗೆ 37ಕ್ಕೆ ಇಳಿದಿತ್ತು.